‘ಗೊತ್ತೇ ಆಗಲ್ಲ ನೋಡಿ’

ಎರಡು ವರ್ಷದ ಹಿಂದೆ ವಿನೋಬನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. 100 ಅಡಿ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಮನೆಯ ಮಹಡಿ ಖಾಲಿ ಇತ್ತು. ಮನೆಯೊಡತಿ ಕೂರಿಸಿ ಕಾಫಿ ಕೊಟ್ಟರು. ಪಂಪನ ಬಗ್ಗೆ, ನನ್ನ ಪಿಎಚ್.ಡಿ. ಬಗ್ಗೆ ಅರ್ಧ ಗಂಟೆ ಮಾತಾಯಿತು. ಕೊನೆಗೆ ‘ನೀವು ಯಾವ ಪೈಕಿ?’ ಅಂದರು. ಹೇಳಿದೆ. ಅವರ ಹುಬ್ಬು ಮೇಲೇರಿತು: ‘ಹೌದಾ! ಗೊತ್ತೇ ಆಗಲ್ಲ ನೋಡಿ. ಎಷ್ಟು ಶುದ್ಧ ಕನ್ನಡ ನಿಮ್ಮದು!’ ನಾನು ‘ಥ್ಯಾಂಕ್ಸ್ ಆಂಟಿ’ ಅಂದೆ. ಮಹಡಿ ಮಗನಿಗೇ ಬೇಕಾಗಬಹುದು ಎಂದು ಮರುದಿನ ಫೋನ್ ಮಾಡಿ ತಿಳಿಸಿದರು, ಅದನ್ನೂ ಬಹಳ ನಯವಾಗಿ. ಮನೆ ಸಿಗದ ಬೇಸರ ಕಳೆದಿದೆ. ನಾನು ಥ್ಯಾಂಕ್ಸ್ ಅಂದದ್ದು ಮಾತ್ರ ಇನ್ನೂ ಚುಚ್ಚುತ್ತದೆ.

ಹೊಗಳಿಕೆಯ ವೇಷ ತೊಟ್ಟ ತೆಗಳಿಕೆಗೆ ಅಲಂಕಾರಶಾಸ್ತ್ರದಲ್ಲಿ ಹೆಸರಿದೆ: ವ್ಯಾಜಸ್ತುತಿ. ಮೇಲೆ ನಿಂದೆ ಒಳಗೆ ಸ್ತುತಿ, ಇಲ್ಲವೇ ಮೇಲೆ ಸ್ತುತಿ ಒಳಗೆ ನಿಂದೆ. ಮಮ್ಮಟ ಎರಡನ್ನೂ ಈ ಒಂದೇ ಹೆಸರಿನಡಿ ತರುತ್ತಾನೆ. ದೇವರನ್ನು ಬೈದು ಹತ್ತಿರವಾಗುವ ದಾಸರ ನಿಂದಾಸ್ತುತಿ ಮೊದಲ ಬಗೆಯದು. ‘ನಿಮ್ಮಂಥ ಬುದ್ಧಿವಂತರು ಊರಿಗೊಬ್ಬರು ಸಾಕು’ ಎಂಬ ಮಾತು ಎರಡನೆಯದು. ಎರಡರಲ್ಲೂ ಆಡುವವರಿಗೆ ತಾವೇನು ಆಡುತ್ತಿದ್ದೇವೆಂದು ಗೊತ್ತಿರುತ್ತದೆ, ಕೇಳುವವರಿಗೂ ಮುಸುಕು ಕಾಣುತ್ತದೆ. ಹಾಗಾಗಿ ಅದೇ ಧಾಟಿಯಲ್ಲಿ ತಿರುಗಿಸಿ ಕೊಡಬಹುದು, ನಕ್ಕು ಮುಗಿಸಬಹುದು.

‘ಗೊತ್ತೇ ಆಗಲ್ಲ’ ಎಂಬುದು ಈ ಲಕ್ಷಣಕ್ಕೆ ಸಿಗುವುದಿಲ್ಲ. ಆ ಹಿರಿಯಾಕೆ ನನ್ನನ್ನು ಹಂಗಿಸಲಿಲ್ಲ, ನಿಜಕ್ಕೂ ಮೆಚ್ಚಿದರು. ನಿಂದೆ ಇದ್ದದ್ದು ಅವರ ಅಚ್ಚರಿಯಲ್ಲಿ. ಅಚ್ಚರಿಪಡಲು ಮೊದಲೇ ಒಂದು ನಿರೀಕ್ಷೆ ಬೇಕು: ನಿಮ್ಮವರ ಕನ್ನಡ ಹೀಗಿರುವುದಿಲ್ಲ ಎಂಬುದು. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬಲ್ಲಿನ ‘ಆದರೂ’, ‘ಪಾಪ, ಚೆನ್ನಾಗಿ ಓದ್ತಾನೆ’ ಎಂಬಲ್ಲಿನ ‘ಪಾಪ’ ಮಾಡುವ ಕೆಲಸವೂ ಇದೇ. ತಿರುಗಿ ಕೇಳಿದರೆ ಉತ್ತರ ಸಿದ್ಧವಿರುತ್ತದೆ: ‘ಅಯ್ಯೋ, ನಾನು ಹೊಗಳಿದ್ದಲ್ವಾ?’ ಆಗ ಒರಟರೆನಿಸಿಕೊಳ್ಳುವವರು ನಾವೇ.

ಮುಸುಕಿಲ್ಲದ ಮಾತಿಗೆ ಏನಾಗುತ್ತದೆಂದು ಕನ್ನಡಕ್ಕೆ ಗೊತ್ತು. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಅದೇ ದಶಕದಲ್ಲಿ ನಮ್ಮ ಪಕ್ಕದ ಭದ್ರಾವತಿಯಲ್ಲಿ, ಅಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. ಬೂಸಾ ಎಂಬ ಮಾತನ್ನು ಒಪ್ಪಬಹುದಿತ್ತು, ಅಲ್ಲಗಳೆಯಬಹುದಿತ್ತು; ಅದು ವಾದಕ್ಕೆ ಸಿಗುವ ಮಾತು. ‘ಎಷ್ಟು ಶುದ್ಧ ಕನ್ನಡ’ ಎಂಬುದರ ಜೊತೆ ವಾದ ಮಾಡುವುದು ಹೇಗೆ?

ನಮ್ಮ ವಿಮರ್ಶೆಯೂ ಈ ನಯವನ್ನು ಚೆನ್ನಾಗಿ ಕಲಿತಿದೆ. ಹೆಂಗಸರ ಬರವಣಿಗೆಯನ್ನು ‘ಅಡುಗೆಮನೆ ಸಾಹಿತ್ಯ’ ಎಂದು ನೇರವಾಗಿ ಹೀಗಳೆಯಲು ಈಗ ಯಾರಿಗೂ ಧೈರ್ಯವಿಲ್ಲ. ಬದಲಿಗೆ ‘ಹೆಣ್ಣಿನ ಸೂಕ್ಷ್ಮ ಸಂವೇದನೆ’ ಎನ್ನುತ್ತೇವೆ. ದಲಿತ ಕವಿಯದು ‘ಹಸಿ ಅನುಭವ’. ಅನುಭವ ಅವರದು, ಕಲೆ ಬೇರೆಯವರದು ಎಂಬ ಪಾಲುಪಟ್ಟಿ ಆ ಹೊಗಳಿಕೆಯೊಳಗಿದೆ. ಲಯದ ಬಗ್ಗೆ, ರೂಪಕದ ಬಗ್ಗೆ ಬರೆಯುವಾಗ ಉದಾಹರಣೆಗೆ ಆ ಹೆಸರುಗಳು ನಮಗೆ ಹೊಳೆಯುವುದೇ ಇಲ್ಲ.

ಕಳೆದ ತಿಂಗಳು ನನ್ನ ಪ್ರಬಂಧದ ಮೂರನೇ ಅಧ್ಯಾಯ ತಿದ್ದುತ್ತಿದ್ದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟ ಒಬ್ಬ ಕವಯಿತ್ರಿಯ ಬಗ್ಗೆ ನಾನೇ ಬರೆದಿದ್ದೆ: ‘ಭಾಷೆಯ ಮೇಲೆ ಇವರಿಗಿರುವ ಹಿಡಿತ ಅಚ್ಚರಿ ಹುಟ್ಟಿಸುತ್ತದೆ.’ ಯಾರಿಗೆ ಅಚ್ಚರಿ? ಏಕೆ? ವಿನೋಬನಗರದ ಆ ಕಾಫಿ ನೆನಪಾಯಿತು. ಈ ಸಲ ಒಡತಿಯ ಕುರ್ಚಿಯಲ್ಲಿ ನಾನಿದ್ದೆ. ಆ ವಾಕ್ಯ ಹೊಡೆದುಹಾಕಿ, ಅವರ ಹಿಡಿತ ಯಾವ ಸಾಲಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಬರೆಯತೊಡಗಿದೆ. ಒಂದು ಸಾಲಿದ್ದದ್ದು ನಾಲ್ಕು ಪುಟವಾಯಿತು.