ಆಜ್ಞಾಪಾದುಕೆಯೂ ಭರತನ ಪಾದಭೇದಗಳೂ

ಪಾದರಕ್ಷೆಯಿಂದ ಗಣಕಯಂತ್ರಕ್ಕೆ ಆಜ್ಞೆಯೀಯುವ ಯತ್ನವು ತೀರ ಹೊಸತಲ್ಲ. 1961ರಲ್ಲಿ ಎಡ್ವರ್ಡ್ ಥಾರ್ಪ್, ಕ್ಲಾಡ್ ಶ್ಯಾನನ್ ಎಂಬ ಗಣಿತಜ್ಞರು ಜೂಜಿನ ಚಕ್ರದ ಗತಿಯನ್ನು ಲೆಕ್ಕಿಸುವ ಕಿರುಯಂತ್ರವನ್ನು ಮೈಯಲ್ಲಿ ಅಡಗಿಸಿಕೊಂಡು, ಬೂಟಿನೊಳಗಣ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಅದಕ್ಕೆ ಸೂಚನೆ ಕೊಟ್ಟರು. (ಉದ್ದೇಶವು ಶ್ಲಾಘ್ಯವಲ್ಲ; ಉಪಾಯವು ಶ್ಲಾಘ್ಯವೇ.) 1997ರ ಸುಮಾರಿಗೆ ಎಂ.ಐ.ಟಿ.ಯ ಜೋಸೆಫ್ ಪ್ಯಾರಡಿಸೊ ನರ್ತಕರಿಗಾಗಿ ರಚಿಸಿದ ಪಾದರಕ್ಷೆಯು ಬೆರಳುಗಳ ಒತ್ತಡ, ಹಿಮ್ಮಡಿಯ ಒತ್ತಡ, ಅಟ್ಟೆಯ ಬಾಗು ಮುಂತಾದುವನ್ನು ಅರಿತು ಸಂಗೀತವನ್ನು ನಡೆಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಧುಮೇಹಿಗಳಿಗಾಗಿ ಮಾಡಿದ ಚಪ್ಪಲಿಯಾದರೋ ಒತ್ತಡವು ಮಿತಿಮೀರಿದೆಡೆಯಲ್ಲಿ ತಾನೇ ಬಾಗಿ ಭಾರವನ್ನು ಪಕ್ಕಕ್ಕೆ ಸರಿಸುತ್ತದೆ. ಅದು ಒತ್ತಡಕ್ಕೆ ಮಣಿಯುತ್ತದೆ, ಒತ್ತಡವನ್ನು ಓದುವುದಿಲ್ಲ. ಪ್ರಕೃತ ವಿಚಾರವು ಓದುವ ಪಾದುಕೆಯದು.

ಅದರ ಕ್ರಮವು ಸರಳ. ಅಟ್ಟೆಯ ಮೇಲಿನ ತೆಳುಹಾಳೆಯನ್ನು ಒತ್ತಿದಷ್ಟೂ ಅದರ ವಿದ್ಯುದ್ರೋಧವು ತಗ್ಗುತ್ತದೆ; ಕಿರುಗಣಕವು ಅದನ್ನು ಅಂಕೆಯಾಗಿಸಿ, ಗೊತ್ತಾದ ಮಿತಿ ದಾಟಿದೊಡನೆ ಕೀಲಿಯೊತ್ತಿದಂತೆ ಭಾವಿಸುತ್ತದೆ. ಇಲ್ಲಿಯೇ ದೋಷವಿದೆ. ನಿಂತಾಗಲೂ ನಡೆದಾಗಲೂ ಒತ್ತಡವುಂಟು, ಆಜ್ಞೆಯಿಲ್ಲ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಹೇತುವು ಸವ್ಯಭಿಚಾರ. ಆದುದರಿಂದ ಬರಿಯ ಒತ್ತಡವನ್ನಲ್ಲ, ವಿಶೇಷಣವುಳ್ಳ ಒತ್ತಡವನ್ನು ಹಿಡಿಯಬೇಕು.

ಭರತನು ನಾಟ್ಯಶಾಸ್ತ್ರದಲ್ಲಿ ಹೇಳಿದ ಉದ್ಘಟ್ಟಿತ, ಸಮ, ಅಗ್ರತಲಸಂಚರ, ಅಂಚಿತ, ಕುಂಚಿತ ಎಂಬ ಪಾದಭೇದಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಬಹುದು. ಸಮವು ನಿಲುವಿನಿಂದ ಬೇರಾಗದು. ಹಿಮ್ಮಡಿಯೂರಿ ಮುಂಗಾಲೆತ್ತುವ ಅಂಚಿತವು ಪ್ರತಿ ಹೆಜ್ಜೆಯ ಆದಿಯಲ್ಲಿಯೂ, ಹಿಮ್ಮಡಿಯೆತ್ತುವ ಕುಂಚಿತವು ಅಂತ್ಯದಲ್ಲಿಯೂ ತಾನಾಗಿಯೇ ಬರುತ್ತದೆ. ಕುಂಚಿತಕ್ಕೂ ಅಗ್ರತಲಸಂಚರಕ್ಕೂ ಭೇದವಿರುವುದು ಬೆರಳುಗಳ ಬಾಗಿನಲ್ಲಿ. ಒತ್ತಡವೊಂದರಿಂದಲೇ ಅದು ತಿಳಿಯದು. ಪ್ಯಾರಡಿಸೊ ಬಾಗನ್ನೂ ಅಳೆದುದು ಉಚಿತವೇ ಆಯಿತು. ಉಳಿದುದು ಉದ್ಘಟ್ಟಿತ: ಮುಂಗಾಲು ನೆಲದಲ್ಲಿ ನಿಂತಿರುವಂತೆಯೇ ಹಿಮ್ಮಡಿಯು ನೆಲವನ್ನು ತಟ್ಟುವುದು. ಸಹಜ ನಡಿಗೆಯಲ್ಲಿ ಹಿಮ್ಮಡಿಯು ಮತ್ತೆ ನೆಲ ಸೇರುವ ಮುನ್ನ ಮುಂಗಾಲು ನೆಲವನ್ನು ಬಿಟ್ಟಿರುತ್ತದೆ. ಆಜ್ಞೆಗೆ ಆರಂಭಸಂಕೇತವಾಗಲು ಇದೊಂದೇ ಯೋಗ್ಯವೆಂದು ನಮ್ಮ ಮತ.

ಕನ್ನಡಕ್ಕೆ ಇದರಿಂದೇನು? ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ದೀರ್ಘಸ್ವರಗಳೂ ಬಹುಮಟ್ಟಿಗೆ ಮಹಾಪ್ರಾಣಗಳೂ ಶಿಫ್ಟ್ ಕೀಲಿಯ ಸಹಾಯದಿಂದ ಮೂಡುತ್ತವೆ. ‘ಭೀಮ’ ಎಂಬಲ್ಲಿ ಮೂರು ಕೀಲಿಗಳಿಗೆ ಎರಡು ಸಲ ಶಿಫ್ಟ್ ಬೇಕು. ಒಂದೇ ಕೈಯುಳ್ಳ ವಿದ್ಯಾರ್ಥಿಗೆ ಇದೆಷ್ಟು ಕ್ಲೇಶವೆಂಬುದನ್ನು ಎರಡು ಕೈಯುಳ್ಳ ಉಪಾಧ್ಯಾಯರು ಒಮ್ಮೆ ಮಾಡಿ ನೋಡಲಿ. ಆ ಭಾರವನ್ನು ಕುಳಿತವನ ಪಾದವು ಹೊರಬಲ್ಲುದು.

ಅಕ್ಷರಕ್ಕೆ ಕಾಲು ಸೋಕಿಸುವುದು ಅಪಚಾರವಲ್ಲವೇ ಎಂದು ಹುಳಿಮಾವಿನ ಗುಹಾಲಯದ ಹೊರಗೆ ಚಪ್ಪಲಿ ಬಿಡುತ್ತಿದ್ದ ಮಿತ್ರರೊಬ್ಬರು ನಮ್ಮನ್ನು ಕೇಳಿದರು. ಶಂಕೆಯು ಹಗುರವಲ್ಲ, ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವವರಲ್ಲಿ ನಾವೂ ಒಬ್ಬರು. ಆದರೆ ಸಾಂಖ್ಯರು ಪಾಣಿಯನ್ನೂ ಪಾದವನ್ನೂ ಕರ್ಮೇಂದ್ರಿಯಗಳೆಂದು ಒಂದೇ ಸಾಲಿನಲ್ಲಿ ಎಣಿಸಿ, ಒಂದಕ್ಕೆ ಗ್ರಹಣವನ್ನೂ ಇನ್ನೊಂದಕ್ಕೆ ಗಮನವನ್ನೂ ವಿಧಿಸಿದರು. ಪಾಣಿಯಿಲ್ಲದವನಲ್ಲಿ ಪಾದವು ಗ್ರಹಣಕಾರ್ಯವನ್ನು ವಹಿಸಿದರೆ ಅನಾದರವೆಲ್ಲಿ? ಮಿತ್ರರು ಒಪ್ಪಲಿಲ್ಲ. ಅವರ ಆಕ್ಷೇಪಕ್ಕಿಂತ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿರುವುದು ಆ ಹಾಳೆ: ನಿತ್ಯದ ಭಾರಕ್ಕೆ ಅದರ ರೋಧವು ಬದಲಾಗುತ್ತಿರುವುದರಿಂದ, ತೊಟ್ಟಾಗಲೆಲ್ಲ ಮಿತಿಯನ್ನು ಹೊಸದಾಗಿ ಗೊತ್ತುಮಾಡಬೇಕಾಗುತ್ತದೆ.