ಋತುಪರ್ಣ ಎಣಿಸಿದ ಮರ: ಪುರಾಣದ ಕಾದಂಬರಿ ಓದಿಸುವವರಿಗೊಂದು ಕೈಪಿಡಿ

ಪುರಾಣ ಆಧರಿಸಿದ ಮಕ್ಕಳ ಕಾದಂಬರಿಯೊಂದು ತರಗತಿಗೆ ಬಂತೆಂದರೆ ಅಧ್ಯಾಯ ಮುಗಿಯುವ ಮೊದಲೇ 'ಇದರಿಂದ ಏನು ಕಲಿತಿರಿ?' ಎಂಬ ಪ್ರಶ್ನೆ ಬರುತ್ತದೆ. ಕಥೆಯ ರುಚಿ ಅಲ್ಲಿಗೇ ಕೆಡುತ್ತದೆ. ಹೊಸದಾಗಿ ಓದಿಸಲು ಹೊರಟವರು ಮೊದಲು ಕಥೆಯನ್ನು ಕಥೆಯಾಗಿ ಓದಿ. ದಿನಕ್ಕೊಂದು ಅಧ್ಯಾಯ, ಗಟ್ಟಿಯಾಗಿ, ನಡುವೆ ನಿಲ್ಲಿಸದೆ. ಗಣಿತ, ವಿಜ್ಞಾನ, ಭೂಗೋಳ ಎಲ್ಲವೂ ಕಥೆಯ ವಿವರಗಳಲ್ಲೇ ಇವೆ. ಅವು ತಾವಾಗಿ ಮೇಲೆ ಬರಲು ಒಂದಿಷ್ಟು ಪುರುಸೊತ್ತು ಕೊಡಬೇಕು.

ಬೀದರ ಜಿಲ್ಲೆಯ ಡಾಬಕಾದಂಥ ಊರಿನ ಸಾಲಿಯಲ್ಲಿ ಯಾವ ಕಥೆಯಿಂದ ಶುರು ಮಾಡಬೇಕು? ನನ್ನ ಉತ್ತರ ನಳ-ದಮಯಂತಿ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ, ದಮಯಂತಿಯ ತಂದೆ ಆಳಿದ ಊರು ನಮ್ಮ ಬೀದರವೇ ಎಂದು ಬರೆದಿಟ್ಟಿದ್ದಾನೆ. ಅಕ್ಬರನ ಆಸ್ಥಾನದ ಕವಿ ಫೈಜಿ ಇದೇ ಕಥೆಯನ್ನು 'ನಲ್ ದಮನ್' ಎಂದು ಪಾರಸಿಯಲ್ಲಿ ಕಾವ್ಯ ಮಾಡಿದ. ಆದರೆ ಮಹಾಭಾರತದ ಕಥೆ ಹೇಳುವ ವಿದರ್ಭ ಇಂದಿನ ಮಹಾರಾಷ್ಟ್ರದ್ದು. ಅದರ ರಾಜಧಾನಿ ಕುಂಡಿನಪುರವನ್ನು ಅಮರಾವತಿ ಜಿಲ್ಲೆಯಲ್ಲಿ ವರ್ಧಾ ನದಿಯ ದಂಡೆಯ ಮೇಲಿರುವ ಕೌಂಡಿಣ್ಯಪುರವೆಂದು ಗುರುತಿಸುತ್ತಾರೆ. ಎರಡನ್ನೂ ಮಕ್ಕಳ ಮುಂದಿಡಿ. ಒಂದು ಊರು ಹಳೆಯ ಕಥೆಯನ್ನು ತನ್ನದೆಂದು ಯಾಕೆ ಹೇಳಿಕೊಳ್ಳುತ್ತದೆ, ಅದಕ್ಕೆ ಪುರಾವೆ ಏನು ಎಂದು ಅವರೇ ಜಗಳಾಡಲಿ. ಇತಿಹಾಸದ ಮೊದಲ ಪಾಠ ಇದೇ. ಮನೆಯಲ್ಲಿ ಮರಾಠಿ ಮಾತಾಡುವ ಮಕ್ಕಳು ಗಡಿಭಾಗದ ತರಗತಿಯಲ್ಲಿ ಇದ್ದೇ ಇರುತ್ತಾರೆ. ಈ ಜಗಳದಲ್ಲಿ ಅವರ ಮಾತಿಗೆ ತೂಕ ಹೆಚ್ಚು.

ಪುಸ್ತಕ ಆರಿಸುವಾಗ ಒಂದು ಪರೀಕ್ಷೆ ಮಾಡಿ. ನಳೋಪಾಖ್ಯಾನ ವನಪರ್ವದಲ್ಲಿದೆ, ಜೂಜಿನಲ್ಲಿ ಎಲ್ಲ ಕಳಕೊಂಡ ಧರ್ಮರಾಯನಿಗೆ ಬೃಹದಶ್ವ ಮುನಿ ಹೇಳಿದ್ದು. ಕನ್ನಡದಲ್ಲಿ ಚೌಂಡರಸನ 'ನಳಚಂಪು' ಇದೆ, ಕನಕದಾಸರ 'ನಳಚರಿತ್ರೆ' ಭಾಮಿನಿ ಷಟ್ಪದಿಯಲ್ಲಿದೆ. ಮಕ್ಕಳಿಗೆಂದು ಗದ್ಯದಲ್ಲಿ ಬರೆದ ಯಾವುದೇ ಪುಸ್ತಕ ಕೈಗೆ ಸಿಕ್ಕರೂ ಸ್ವಯಂವರದ ಪುಟ ಮತ್ತು ತಾರೆ ಮರದ ಕಾಯಿ ಎಣಿಸುವ ಪುಟ ತೆಗೆದು ನೋಡಿ. ಈ ಎರಡು ಕಡೆ ಲೇಖಕರು ಅವಸರ ಮಾಡಿದ್ದರೆ ಆ ಪುಸ್ತಕ ಬೇಡ.

ಸ್ವಯಂವರದಲ್ಲಿ ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪ ತಾಳಿ ಕೂತಿದ್ದಾರೆ. ದಮಯಂತಿಯ ಎದುರು ಐವರು ನಳರು. ದೇವತೆಗಳನ್ನೇ ಪ್ರಾರ್ಥಿಸಿ, ಅವರು ತಮ್ಮ ಗುರುತು ತೋರಿದಾಗ ಆಕೆ ಕಣ್ಣಿಟ್ಟು ನೋಡುತ್ತಾಳೆ. ದೇವತೆಗಳು ಬೆವರುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಹಾರ ಬಾಡಿಲ್ಲ, ಮೈಮೇಲೆ ಧೂಳಿಲ್ಲ, ಕಾಲು ನೆಲಕ್ಕೆ ತಾಗಿಲ್ಲ. ಬೆವರಿದವನು, ನೆರಳಿದ್ದವನು ಒಬ್ಬನೇ. ಅವನ ಕೊರಳಿಗೆ ಮಾಲೆ. ಮನುಷ್ಯ ಯಾಕೆ ಬೆವರುತ್ತಾನೆ, ರೆಪ್ಪೆ ಬಡಿಯದಿದ್ದರೆ ಕಣ್ಣಿಗೇನಾಗುತ್ತದೆ, ನೆರಳು ಎಲ್ಲಿಂದ ಬರುತ್ತದೆ? ಇಡೀ ವಾರದ ವಿಜ್ಞಾನ ಇಲ್ಲಿದೆ. ಅದಕ್ಕಿಂತ ದೊಡ್ಡದು ಆಕೆಯ ಆಯ್ಕೆ: ದೇವತೆಗಳನ್ನು ಬಿಟ್ಟು, ಸಾಯುವ ಮನುಷ್ಯನನ್ನು ಬೆವರು ನೋಡಿ ಗುರುತಿಸಿ ಒಪ್ಪಿಕೊಂಡಳು. ಈ ಮಾತನ್ನು ವಿವರಿಸಬೇಡಿ. ಮಕ್ಕಳಿಗೆ ತಾನಾಗಿ ತಟ್ಟುತ್ತದೆ.

ಇನ್ನು ಮರ. ಜೂಜಿನಲ್ಲಿ ರಾಜ್ಯ ಕಳಕೊಂಡ ನಳ ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿದ್ದಾನೆ. ಒಂದೇ ದಿನದಲ್ಲಿ ಕುಂಡಿನಪುರ ತಲುಪಬೇಕು. ದಾರಿಯಲ್ಲಿ ರಾಜನ ಉತ್ತರೀಯ ಜಾರಿ ಬೀಳುತ್ತದೆ. ನಿಲ್ಲಿಸು ಎನ್ನುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿದೆ ಎನ್ನುತ್ತಾನೆ ನಳ. ನಕಾಶೆಯಲ್ಲಿ ಅಯೋಧ್ಯೆಯಿಂದ ಕೌಂಡಿಣ್ಯಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 750 ಕಿ.ಮೀ. 12 ತಾಸಿಗೆ ಭಾಗಿಸಲಿ. ಉತ್ತರೀಯದ ಲೆಕ್ಕ ಮಾಡಿದರೆ ವೇಗ ಬೇರೆಯೇ ಬರುತ್ತದೆ. ಅತಿಶಯೋಕ್ತಿ ಎಂದರೇನು ಎಂದು ಕನ್ನಡದ ಮೇಷ್ಟ್ರು ಹೇಳುವ ಗಳಿಗೆ ಅದೇ.

ಆಮೇಲೆ ಋತುಪರ್ಣ ದಾರಿಬದಿಯ ತಾರೆ ಮರ ತೋರಿಸಿ, ಎರಡು ಕೊಂಬೆಗಳಲ್ಲಿ 5 ಕೋಟಿ ಎಲೆ, 2095 ಕಾಯಿ ಇವೆ ಎನ್ನುತ್ತಾನೆ. ನಳ ನಂಬುವುದಿಲ್ಲ. ರಥ ನಿಲ್ಲಿಸಿ, ಮರ ಕಡಿದು, ಕಾಯಿ ಎಣಿಸುತ್ತಾನೆ. ಲೆಕ್ಕ ಸರಿ! ಹಳೆಯ ಕಾಲದಲ್ಲಿ ದಾಳ ಆಡುತ್ತಿದ್ದದ್ದು ಈ ಮರದ ಕಾಯಿಯಿಂದಲೇ. ತ್ರಿಫಲಾ ಚೂರ್ಣದಲ್ಲಿ ಬೀಳುವುದೂ ಇದೇ. ಜೂಜಿನಲ್ಲಿ ಸೋತವನು ಆ ಮರದ ಬುಡದಲ್ಲಿ ಎಣಿಕೆಯ ವಿದ್ಯೆ ಪಡೆಯುತ್ತಾನೆ, ಬದಲಿಗೆ ಕುದುರೆಯ ವಿದ್ಯೆ ಕೊಡುವೆನೆನ್ನುತ್ತಾನೆ, ಅವನನ್ನು ಕೆಡಿಸಲು ಮೈಹೊಕ್ಕಿದ್ದ ಕಲಿಪುರುಷ ಅಲ್ಲೇ ಬಿಟ್ಟು ಹೋಗುತ್ತಾನೆ. ಸಂಭವನೀಯತೆಯ ಇತಿಹಾಸ ಬರೆದ ಕೆನಡಾದ ಇಯಾನ್ ಹ್ಯಾಕಿಂಗ್ 1975ರ ತಮ್ಮ ಪುಸ್ತಕದಲ್ಲಿ ಈ ಪ್ರಸಂಗವನ್ನು ಎತ್ತಿ ಹೇಳಿದ್ದಾರೆ. ಒಂದಿಷ್ಟು ನೋಡಿ ಒಟ್ಟು ಲೆಕ್ಕ ಹೇಳುವುದು ನಮ್ಮ ರೈತರಿಗೂ ಹೊಸದಲ್ಲ. ಬೆಳೆ ವಿಮೆಗೆಂದು ಹೊಲದ ಒಂದು ತುಂಡು ಅಳೆದು, ಕೊಯ್ದು, ತೂಗಿ ಇಳುವರಿ ಅಂದಾಜು ಮಾಡುವುದನ್ನು ಊರಿನ ಎಷ್ಟೋ ಮಕ್ಕಳು ಕಂಡಿರುತ್ತಾರೆ.

ಕಾಡಿನಲ್ಲಿ ಮಲಗಿದ ಹೆಂಡತಿಯ ಅರ್ಧ ಸೀರೆ ಹರಿದುಕೊಂಡು ನಳ ಹೊರಟುಹೋಗುವ ಅಧ್ಯಾಯವನ್ನು ಮಾತ್ರ ಯಾವ ವಿಷಯಕ್ಕೂ ಹಚ್ಚಬೇಡಿ. ಓದಿ, ಸುಮ್ಮನಿರಿ. ಅದು ತಪ್ಪಲ್ಲವೇ ಎಂದು ಯಾರಾದರೂ ಹುಡುಗಿ ಕೇಳಿಯೇ ಕೇಳುತ್ತಾಳೆ. ನಳನ ಪರ ವಕಾಲತ್ತು ಮಾಡಬೇಡಿ.

ಔರಾದ, ಭಾಲ್ಕಿ ಕಡೆಯ ಮೇಷ್ಟ್ರುಗಳಲ್ಲಿ, ತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟೇ: ಋತುಪರ್ಣನ ಅಧ್ಯಾಯವನ್ನು ತೊಗರಿ ಕಾಯಿ ಕಟ್ಟುವ ದಿನಗಳಿಗೆ ಬರುವಂತೆ ಓದು ಹೊಂದಿಸಿಕೊಳ್ಳಿ. ಓದಿದ ಮರುದಿನ ಮಕ್ಕಳನ್ನು ಹೊಲಕ್ಕೆ ಕರೆದೊಯ್ದು, ಹತ್ತು ಗಿಡದ ಕಾಯಿ ಎಣಿಸಿ, ಇಡೀ ಹೊಲದ ಲೆಕ್ಕ ಹೇಳಲು ಬಿಡಿ.