ಗೆರೆಯಲ್ಲ, ಪಟ್ಟಿ

ವ್ಯಂಗ್ಯಚಿತ್ರಕಾರ ಬಾಳ ಠಾಕ್ರೆಯವರ ರಾಜಕಾರಣ ಒಪ್ಪದವರೂ ‘ಆದರೂ ಎಂಥ ಗೆರೆ!’ ಎಂದು ತಲೆದೂಗುವುದು ಮುಂಬಯಿ ಬರಹಗಾರರಲ್ಲಿ ಹಳೆಯ ರೂಢಿ. ಗೆರೆ ಚೆನ್ನಾಗಿತ್ತು, ಇರಲಿ. ಆದರೆ 1960ರಲ್ಲಿ ಅವರು ಶುರುಮಾಡಿದ ‘ಮಾರ್ಮಿಕ್’ ವಾರಪತ್ರಿಕೆಯ ಅಸಲಿ ಸೃಷ್ಟಿ ಅದರ ಪಟ್ಟಿ. ‘ನುಸುಳುಕೋರರ ಕಾಟ ದೊಡ್ಡದೋ, ದ್ವೇಷದ ಹಲ್ಲೆ ದೊಡ್ಡದೋ’ ಎಂದು ಇವತ್ತು ಡೊಂಬಿವಲಿ ಲೋಕಲ್ ರೈಲಿನಲ್ಲಿ ಜಗಳವಾಡುವ ಕನ್ನಡಿಗರ ತಲೆಯಲ್ಲಿರುವುದೂ ಅದೇ ಪಟ್ಟಿ.

ಅದರ ಕಸುಬನ್ನು ಗಮನಿಸಿ. ಕಂಪನಿ ಅಧಿಕಾರಿಗಳ ಹೆಸರು, ಟೆಲಿಫೋನ್ ಡೈರೆಕ್ಟರಿಯಿಂದ ಹೆಕ್ಕಿದ ಹೆಸರು, ಸಾಲುಸಾಲಾಗಿ, ಬಹುಪಾಲು ದಕ್ಷಿಣದವು. ಓದಿ ತಣ್ಣಗೆ ಕೂತಿರಿ ಎಂದು ತಲೆಬರಹ ಚುಚ್ಚುತ್ತದೆ. ಅದರ ಕೆಳಗೆ ವಾದವಿಲ್ಲ, ಆರೋಪವಿಲ್ಲ, ಕ್ರಿಯಾಪದವೂ ಇಲ್ಲ. ಯಾರ ಕೆಲಸ ಯಾರು ಕಿತ್ತುಕೊಂಡರೆಂದು ಹೇಳಿದ್ದರೆ ಸುಳ್ಳೆಂದು ತೋರಿಸಬಹುದಿತ್ತು; ಹೆಸರನ್ನು ಅಲ್ಲಗಳೆಯುವುದು ಹೇಗೆ? ಅಡ್ಡಹೆಸರು ನೋಡಿ ಓದುಗನೇ ಅಪರಾಧ ತುಂಬಿಕೊಳ್ಳಬೇಕು, ಸಂಪಾದಕರ ಕೈ ಮಾತ್ರ ಶುಭ್ರ. ದೇಶದೊಳಗೆ ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿಯಿಂದಲೇ ಪಡೆದವರನ್ನು, ದಾಟಲು ಗಡಿಯೇ ಇಲ್ಲದ ಕಡೆ ನುಸುಳುಕೋರರನ್ನಾಗಿಸಿದ ಜಾಣತನ ಇದು.

ಇನ್ನೊಂದು ಸಂಗತಿಯಿದೆ. ಆಗ ಫೋನ್ ಇದ್ದದ್ದು ಸಾಹೇಬರ ಮನೆಯಲ್ಲಿ. 1966ರಲ್ಲಿ ಠಾಕ್ರೆಯವರ ಶಿವಸೇನೆ ಹುಟ್ಟಿದ ಮೇಲೆ ಕಲ್ಲು ಬಿದ್ದದ್ದು ಉಡುಪಿ ಹೋಟೆಲುಗಳಿಗೆ. 1969ರ ಮಹಾರಾಷ್ಟ್ರ–ಮೈಸೂರು ಗಡಿ ಗಲಭೆಯಲ್ಲೂ ಅಷ್ಟೇ. ಹಗಲೆಲ್ಲ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದ ಹುಡುಗನ ಹೆಸರು ಯಾವ ಡೈರೆಕ್ಟರಿಯಲ್ಲಿತ್ತು? ಪಟ್ಟಿಗೆ ಸೇರಿದವರು ಬೇರೆ, ಪೆಟ್ಟು ತಿಂದವರು ಬೇರೆ.

ಮೇರಿ ಕಾಟ್ಜೆನ್‌ಸ್ಟೈನ್, ದೀಪಂಕರ್ ಗುಪ್ತಾ ಅವರ ಶಿವಸೇನೆ ಅಧ್ಯಯನಗಳನ್ನು ಹಿಡಿದು ನಮ್ಮ ವಿಮರ್ಶಕರು ಎಲ್ಲವನ್ನೂ ಮರಾಠಿ ತರುಣರ ನಿರುದ್ಯೋಗದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುತ್ತಾರೆ. ನಿರುದ್ಯೋಗ ಸಿಟ್ಟನ್ನು ವಿವರಿಸೀತು. ಆಫೀಸಿನ ಸ್ಟೆನೋ ಮೇಲಿನ ಸಿಟ್ಟು ಇಡ್ಲಿ ಮಾಡುವವನ ಗಾಜಿಗೆ ಬಡಿದದ್ದನ್ನು ವಿವರಿಸುವುದಿಲ್ಲ. ಆ ದಾರಿ ತೋರಿಸಿದ್ದು ಪಟ್ಟಿ. ಮುಂಬಯಿ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳದು ಇನ್ನೊಂದು ರಾಗ: ‘ಮರಾಠಿ ಕಲಿತೆವು, ಬೆರೆತೆವು, ಗೆದ್ದೆವು.’ ಹಾಗಾದರೆ ಏಟು ತಿಂದವರು ಬೆರೆಯದ ತಪ್ಪಿಗೆ ತಿಂದರೇ?

ಅಕ್ರಮ ವಲಸೆ ಸುಳ್ಳೆಂದು ನಾನು ಹೇಳುತ್ತಿಲ್ಲ. 2025ರ ಜನವರಿಯಲ್ಲಿ ಸೈಫ್ ಅಲಿ ಖಾನ್ ಮೇಲಿನ ದಾಳಿಯ ಆರೋಪಿ ಥಾಣೆಯಲ್ಲಿ ಸಿಕ್ಕಿದಾಗ ಪೊಲೀಸರು ಅವನನ್ನು ಬಾಂಗ್ಲಾದೇಶಿ ಎಂದರು. ಅಂಥದ್ದನ್ನು ಕೋರ್ಟು ಕಾಗದಪತ್ರ ನೋಡಿ ತೀರ್ಮಾನಿಸಲಿ. ಆದರೆ ಅದೇ ವರ್ಷದ ಜೂನ್‌ನಲ್ಲಿ ಮೀರಾ ರೋಡಿನಿಂದ ಹಿಡಿದೊಯ್ದ ಪಶ್ಚಿಮ ಬಂಗಾಳದ ಕಾರ್ಮಿಕನೊಬ್ಬನನ್ನು ಗಡಿಯಾಚೆ ದಬ್ಬಿ, ಆಮೇಲೆ ಭಾರತೀಯನೆಂದು ವಾಪಸು ಕರೆತರಬೇಕಾಯಿತು. 2008ರ ಅಕ್ಟೋಬರ್‌ನಲ್ಲಿ ರೈಲ್ವೆ ಪರೀಕ್ಷೆ ಬರೆಯಲು ಮುಂಬಯಿಗೆ ಬಂದು ಹೊಡೆತ ತಿಂದ ಉತ್ತರ ಭಾರತದ ಹುಡುಗರ ಕೈಯಲ್ಲಿ ಪರೀಕ್ಷೆಯ ಕಾಗದವೇ ಇತ್ತು. ಕಾಗದ ಕೇಳುವಷ್ಟು ತಾಳ್ಮೆ ಪಟ್ಟಿ ಹಿಡಿದವರಿಗಿಲ್ಲ. ಅದಕ್ಕೇ ದ್ವೇಷದ ಹಲ್ಲೆ ಹೆಚ್ಚು ಘೋರ: ಅಕ್ರಮ ಪ್ರವೇಶಕ್ಕೆ ವಿಚಾರಣೆಯುಂಟು, ಮೇಲ್ಮನವಿಯುಂಟು; ಬಿದ್ದ ಏಟಿಗೆ ಮೇಲ್ಮನವಿಯಿಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಹುಟ್ಟಿದ ಊರು, ಭಾಷೆಯಂಥ ಕಾರಣಕ್ಕೆ ಐವರು ಅಥವಾ ಹೆಚ್ಚು ಮಂದಿ ಸೇರಿ ಮಾಡುವ ಕೊಲೆಗೆ ಗಲ್ಲು ಇಲ್ಲವೇ ಜೀವಾವಧಿ ಶಿಕ್ಷೆ ವಿಧಿಸಿದೆ. ಪಟ್ಟಿ ಬರೆದವನಿಗೆ ಆ ಕಲಮಿನಲ್ಲಿ ಜಾಗವಿಲ್ಲ.

‘ಮಾರ್ಮಿಕ್’ ಬಗ್ಗೆ ಮುಂದೆ ಬರೆಯುವವರು ಚಿತ್ರಗಳ ಪಕ್ಕದಲ್ಲಿ ಪಟ್ಟಿಯ ಪುಟಗಳನ್ನೂ ಅಚ್ಚು ಹಾಕಲಿ. ಡೊಂಬಿವಲಿಯ ಕನ್ನಡಿಗರು ತಮ್ಮ ಅಡ್ಡಹೆಸರನ್ನು ಅಲ್ಲಿ ಹುಡುಕಿಕೊಂಡು, ಆಮೇಲೆ ವಾದಕ್ಕೆ ಕೂರಲಿ.